ಬರಿ ಮಗ್ಗಕ್ಕೆ ಹೆದರಿದ ಮೌನೇಶ

ಮಖ್ತಲ್‌ನ ಹತ್ತಿ ಗೋದಾಮಿನಲ್ಲಿ ಮೌನೇಶ ಮೊದಲ ಸಲ ಕೈ ಎತ್ತಿದ್ದು ಬೆಳಿಗ್ಗೆ ಹನ್ನೊಂದು ಗಂಟೆಗೆ, ಮೂವತ್ತು ಜನರ ಎದುರು. ಏಟು ಭಾನುಪ್ರಕಾಶನ ದವಡೆಗೆ ಬಿತ್ತು. ಕುರ್ಚಿಗೆ ಚಕ್ರವಿದ್ದುದರಿಂದ ಅವನು ಕುರ್ಚಿ ಸಮೇತ ಹಿಂದಕ್ಕೆ ಉರುಳಿಕೊಂಡು ಹೋಗಿ ನೀರಿನ ಡಬ್ಬಕ್ಕೆ ಬಡಿದ. ತುಟಿ ಸೀಳಿ ನೆತ್ತರು ಅಂಗಿಯ ಮೇಲೆ ಇಳಿಯಿತು. ಡಬ್ಬ ಉರುಳಿ ನೀರೆಲ್ಲ ವೈರುಗಳ ಕಡೆ ಹರಿಯತೊಡಗಿದಾಗ, ಹೊಡೆದವನೇ ಓಡಿಹೋಗಿ ಮೇನ್ ಸ್ವಿಚ್ಚು ಕೆಳಗೆಳೆದ. ಸಿಟ್ಟು ನೆತ್ತಿಗೇರಿದ್ದರೂ ಮಶೀನಿನ ಚಿಂತೆ ಬಿಡದ ಮನುಷ್ಯ.

ಗೋದಾಮಿನಲ್ಲಿ ಹತ್ತಿ ಇದ್ದದ್ದು ಹಿಂದಿನ ಮಾತು. ಗದ್ವಾಲದ ಸೀರೆ ವ್ಯಾಪಾರಿ ಸಾಯಣ್ಣ ತನ್ನಪ್ಪನ ಕಾಲದ ಆ ಕಟ್ಟಡಕ್ಕೆ ಸುಣ್ಣ ಬಳಿಸಿ, ಏಸಿ ಕೂಡಿಸಿ, ಮೂವತ್ತು ಕಂಪ್ಯೂಟರ್ ಇಡಿಸಿದ್ದ. ಹೈದರಾಬಾದಿನ ಒಂದು ಕಂಪನಿ ಕಳಿಸುವ ಕೆಲಸವನ್ನು ಸುತ್ತಲಿನ ಊರುಗಳ ಓದಿದ ಹುಡುಗರು, ಹುಡುಗಿಯರು ಅಲ್ಲಿ ಕೂತು ಮಾಡುತ್ತಿದ್ದರು. ಪ್ರೋಗ್ರಾಮು ಬರೆಯುವುದು ಅವರ ಕೆಲಸ. ಮೌನೇಶನದು ಅದಲ್ಲ, ಮಶೀನು ಕೂಡಿಸುವುದು, ಕೆಟ್ಟರೆ ರಿಪೇರಿ ಮಾಡುವುದು. ನಾರಾಯಣಪೇಟೆಯ ಬಡಗಿಯ ಮಗ, ನಲವತ್ತನಾಲ್ಕರ ವಯಸ್ಸು, ಆರನೇ ಇಯತ್ತೆಗೆ ಪಾಟಿ ಬಿಸಾಕಿದವನು. ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಲ್ಲಿ ಹನ್ನೆರಡು ವರ್ಷ ಸ್ಕ್ರೂ ತಿರುಗಿಸುತ್ತ ತಿರುಗಿಸುತ್ತ ಮಶೀನಿನ ಒಳಹೊರಗನ್ನೆಲ್ಲ ಕಲಿತಿದ್ದ. ಇಂಗ್ಲಿಷನ್ನು ಓದುತ್ತಿರಲಿಲ್ಲ, ಮುಖ ನೋಡಿ ಜನರನ್ನು ಗುರುತು ಹಿಡಿಯುವಂತೆ ಪದಗಳ ಗುರುತು ಹಿಡಿಯುತ್ತಿದ್ದ.

ಜಗಳ ಹತ್ತಿದ್ದು ಶಿರಿಷಾಳಿಂದ. ದಾಮರಗಿದ್ದದ ಹುಡುಗಿ, ಕೆಲಸಕ್ಕೆ ಸೇರಿ ಒಂಬತ್ತು ದಿನವಾಗಿತ್ತು. ಒಂಬತ್ತು ದಿನವೂ ಖಾಲಿ ಪರದೆ ನೋಡುತ್ತ ಕೂತಿದ್ದಳು. ಹೊಸ ಮಶೀನಿನಲ್ಲಿ ಕಂಪನಿಯ ಪ್ರೋಗ್ರಾಮು ಓಡಬೇಕಾದರೆ ಅದರ ಕೆಳಗೆ ಇಪ್ಪತ್ತಾರು ಸಣ್ಣ ಪ್ರೋಗ್ರಾಮುಗಳ ಸಾಮಾನು ಬೇಕು. ಒಂದೊಂದೂ ಇಂಥದೇ ನಂಬರಿನದಾಗಬೇಕು, ಒಂದರ ಮೇಲೊಂದು ಸಾಲು ತಪ್ಪದೆ ಕೂರಬೇಕು. ಆ ಸಾಲು ಗೊತ್ತಿದ್ದವನು ಭಾನುಪ್ರಕಾಶ ಒಬ್ಬನೇ. ಸಾಯಣ್ಣನ ಅಕ್ಕನ ಮಗ. ಎಲ್ಲಿಯೂ ಬರೆದಿಟ್ಟಿರಲಿಲ್ಲ, ಬರೆದಿಟ್ಟರೆ ಅವನನ್ನು ಕೇಳುವವರು ಯಾರು. ಹೊಸದಾಗಿ ಬಂದವರು ಅವನಿಗೆ ಚಹಾ ತರಬೇಕು, ಮಿರ್ಚಿ ಭಜಿ ತರಬೇಕು, ಅಣ್ಣಾ ಅಣ್ಣಾ ಎಂದು ಬೆನ್ನು ಹತ್ತಬೇಕು. ಮನಸ್ಸಿಗೆ ಬಂದ ದಿನ ಎದ್ದು ಬಂದು ಹಾಕಿಕೊಡುತ್ತಿದ್ದ, ಅದೂ ಒಬ್ಬೊಬ್ಬರಿಗೆ ಒಂದೊಂದು ಥರ. ಒಬ್ಬನ ಮಶೀನಿನಲ್ಲಿ ಓಡಿದ್ದು ಪಕ್ಕದವನದರಲ್ಲಿ ಓಡುತ್ತಿರಲಿಲ್ಲ. ನಿಂದು ತಪ್ಪು, ನಿಂದು ತಪ್ಪು ಎಂದು ಹುಡುಗರು ಕುತ್ತಿಗೆಪಟ್ಟಿ ಹಿಡಿಯುತ್ತಿದ್ದರು. ಹಿಂದಿನ ಬೇಸಗೆಯಲ್ಲಿ ಒಬ್ಬ ಸಿಟ್ಟು ತಡೆಯಲಾರದೆ ಹಣೆಯಿಂದಲೇ ಪರದೆ ಒಡೆದುಕೊಂಡು ನಾಲ್ಕು ಹೊಲಿಗೆ ಹಾಕಿಸಿಕೊಂಡಿದ್ದ.

ಅವತ್ತು ಮೌನೇಶ ಹೋಗಿ ಕೇಳಿದ್ದು ಇಷ್ಟೇ.

"ಆ ಹುಡುಗಿ ಸಿಸ್ಟಮ್ ಯಾವಾಗ ಹಾಕ್ತಿ?"

"ನಿನಗ್ಯಾಕಪಾ ಆಚಾರಿ? ಮೊಳಿ ಹೊಡಿಯಾಕ ಕರದಾಗ ಬಾ."

"ಒಂಬತ್ತು ದಿನ ಆತು."

"ನಿನ್ನ ಮಗಳೇನು ಆಕಿ? ಇಲ್ಲಾ ಮತ್ತೇನಾರ ಐತೇನು?"

ಏಟು ಬಿದ್ದದ್ದು ಆ ಎರಡನೇ ಮಾತಿಗೆ.

ಸಾಯಣ್ಣ ಗದ್ವಾಲದಿಂದ ಕಾರಿನಲ್ಲಿ ಬಂದ. ಅಳಿಯನ ತುಟಿ ನೋಡಿದ, ಒದ್ದೆಯಾದ ನೆಲ ನೋಡಿದ. ಕೈಯಲ್ಲಿದ್ದ ಕಾರಿನ ಚಾವಿಯನ್ನು ಮೌನೇಶನ ಮುಖಕ್ಕೆ ಬೀಸಿ ಒಗೆದ. ಹುಬ್ಬಿಗೆ ತಾಗಿ ಕೆಳಗೆ ಬಿತ್ತು. ಮೌನೇಶ ಬಗ್ಗಿ ಅದನ್ನು ಎತ್ತಿ ಮೇಜಿನ ಮೇಲಿಟ್ಟ.

"ಎರಡು ಮಾತು ಕೇಳು," ಎಂದ ಸಾಯಣ್ಣ. "ಇನ್ನೊಮ್ಮೆ ಈ ಗೋದಾಮಿನಾಗ ಕೈ ಎತ್ತಿದಿ ಅಂದ್ರ ನೀ ಹೊರಗ. ಅದು ಒಂದು. ಎರಡನೇದು, ಹೈದರಾಬಾದಿಂದ ಕರುಣಾ ಮೇಡಂ ಫೋನ್ ಮಾಡಿದ್ರು. ಮೂವತ್ತು ಸಿಸ್ಟಮ್ಮೂ ಒಂದೇ ಥರ ಇರಬೇಕಂತ. ಹೊಸಾದು ಬಂದ್ರ ತಾನಾಗೇ ತಯಾರ ಆಗಬೇಕಂತ, ಯಾರ ಕೈನೂ ಹತ್ತಬಾರದಂತ. ಮುಂದಿನ ತಿಂಗಳು ಬಂದು ಕಣ್ಣಾರೆ ನೋಡ್ತಾರ. ಆಗಿಲ್ಲಂದ್ರ ಕೆಲಸ ವಾಪಸ್ ಹೈದರಾಬಾದಿಗೆ. ನಿನಗ ಬಾಯಿ ಭಾಳ ಐತಿ, ಕೈಯೂ ಭಾಳ ಐತಿ. ನೀನೇ ಮಾಡಿಸು."

"ಬರಿಯಾಕ ನನಗ ಬರೂದಿಲ್ರೀ ಸೇಠ."

"ಬರಿಯೋರು ಮೂವತ್ತು ಮಂದಿ ಅದಾರ. ಹಿಡದು ಬರಸು."

ಮೌನೇಶ ಒಪ್ಪಿದ. ಅವನಿಗೆ ಇದ್ದದ್ದು ಆ ಒಂದೇ ಜಾಗ. ಕೈಯ ಸಿಟ್ಟಿಗೆ ಮೂರು ಕಡೆ ಕೆಲಸ ಕಳೆದುಕೊಂಡಿದ್ದ. ಪುಣೆಯ ಕಟ್ಟಡದ ಕೆಲಸದಲ್ಲಿ ಮೇಸ್ತ್ರಿಯ ಮೂಗು ಮುರಿದು ಬಂದಿದ್ದ. ಕೃಷ್ಣಾ ಸ್ಟೇಷನ್ನಿನಲ್ಲಿ ಹಮಾಲನೊಬ್ಬನ ಜತೆ ಹೊಡೆದಾಡಿ ತನ್ನ ಎರಡು ಹಲ್ಲನ್ನು ಹಳಿಯ ಮೇಲೆ ಉಗುಳಿ ಬಂದಿದ್ದ. ರಿಪೇರಿ ಅಂಗಡಿಯವನು ಹನ್ನೆರಡು ವರ್ಷ ಸಹಿಸಿಕೊಂಡು, ಒಂದು ದಿನ ಗಿರಾಕಿಯನ್ನು ಶೋಕೇಸಿನ ಗಾಜಿನೊಳಕ್ಕೆ ನೂಕಿದ್ದಕ್ಕೆ ಹೊರಗೆ ಹಾಕಿದ್ದ. ಗೋದಾಮು ಹೋದರೆ ಮುಂದೆ ಏನೂ ಇಲ್ಲ. ಅದು ಅವನಿಗೂ ಗೊತ್ತಿತ್ತು, ಭಾನುಪ್ರಕಾಶನಿಗೂ ಗೊತ್ತಿತ್ತು.

ಇಲ್ಲಿ ಅವನಪ್ಪನ ಮಾತು ಹೇಳಬೇಕು.

ಅಪ್ಪ ಈರಣ್ಣಾಚಾರಿ ನಾರಾಯಣಪೇಟೆಯಲ್ಲಿ ಮಗ್ಗ ಕೂಡಿಸುತ್ತಿದ್ದ. ನೇಯುವವನಲ್ಲ, ನೇಯುವವರು ಬಂದು ಕೂತು ನೇಯುವ ಹಾಗೆ ಮಗ್ಗವನ್ನು ತಯಾರು ಮಾಡಿಕೊಡುವವನು. ನೇಕಾರ ಕಾಲು ಇಳಿಬಿಟ್ಟು ಕೂರುವ ಕುಣಿ ತೋಡಿಸುವುದು, ಕಂಬ ನಿಲ್ಲಿಸುವುದು, ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಬಾಚಣಿಗೆಯಂಥ ಹಣಿಗೆ ಹೂಡುವುದು ಅವನ ಕಸುಬು. ನೇಕಾರರಲ್ಲಿ ಒಂದು ಪದ್ಧತಿ ಉಂಟು. ಸೀರೆ ಮುಗಿದಾಗ ಹಾಸಿನ, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ, ಎಳೆಗಳನ್ನು ಪೂರ್ತಿ ಕತ್ತರಿಸಿ ಮಗ್ಗ ಬರಿದು ಮಾಡುವುದಿಲ್ಲ. ಹಣಿಗೆಯಲ್ಲಿ ಒಂದು ಗೇಣು ಹಳೆಯ ಎಳೆ ಬಿಟ್ಟು, ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದಕ್ಕೆ ಹೊಸೆದು ಸೇರಿಸುತ್ತಾರೆ. ಕೆಚ್ಚುವುದು ಎಂದು ಅದಕ್ಕೆ ಹೆಸರು. ಸಾವಿರಾರು ಎಳೆಯನ್ನು ಮತ್ತೆ ಮೊದಲಿಂದ ಹಣಿಗೆಗೆ ಏರಿಸುವ ಕಷ್ಟ ಆಗ ಇರುವುದಿಲ್ಲ. ಮಗ್ಗ ಬರಿದಾಯಿತು ಎಂದರೆ ಆ ಮನೆಯಲ್ಲಿ ನೇಯುವವನು ಸತ್ತ ಎಂದೇ ಆ ಓಣಿಯಲ್ಲಿ ಅರ್ಥ.

ಮೌನೇಶನಿಗೆ ಹದಿನೈದು ತುಂಬಿದ ವರ್ಷ, ಒಬ್ಬ ನೇಕಾರನ ಸೀರೆಯಲ್ಲಿ ಚೌಕಡಿ ಸೊಟ್ಟ ಬರತೊಡಗಿತು. ನಿನ್ನ ಮಗ್ಗ ಸರಿಯಿಲ್ಲ ಎಂದು ಅವನು ಈರಣ್ಣಾಚಾರಿಯನ್ನು ಬಯ್ದ. ಆಚಾರಿ ಹೋಗಿ ನೋಡಿ, ಮಗ್ಗದ್ದಲ್ಲ, ಒಳಗಿನ ಎಳೆಯದು ತಪ್ಪು, ಪೂರ್ತಿ ಕತ್ತರಿಸು ಎಂದ. ನೇಕಾರ ಒಲ್ಲೆ ಎಂದ. ಮಾತಿಗೆ ಮಾತು ಬೆಳೆಯಿತು. ಆಚಾರಿಯ ಸಿಟ್ಟೂ ಮಗನ ಸಿಟ್ಟಿನಂಥದೇ. ಚೀಲದಿಂದ ಉಳಿ ತೆಗೆದು, ಬಿಗಿಯಾಗಿ ನಿಂತಿದ್ದ ಹಾಸನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ಎಳೆತಕ್ಕೆ ಸೀಳಿಬಿಟ್ಟ. ಆಮೇಲೆ ಓಣಿಯೇ ಮೇಲೆ ಬಿತ್ತು. ಏಳೆಂಟು ಮಂದಿ ಅವನನ್ನು ಹೊರಗೆಳೆದು, ಬಲಗೈಯನ್ನು ಕಲ್ಲಿನ ಕಟ್ಟೆಯ ಮೇಲೆ ಚಾಚಿಸಿ, ಅವನದೇ ಕೊಡತಿಯಿಂದ ಬೆರಳು ಜಜ್ಜಿದರು. ಮೂರು ಬೆರಳು. ಮೌನೇಶ ಅಡ್ಡ ಹೋಗಿ ಎದೆಗೆ ಒದೆ ತಿಂದು ಚರಂಡಿಯಲ್ಲಿ ಬಿದ್ದ. ಅಪ್ಪ ಏನೋ ಕೂಗುತ್ತಿದ್ದ. ಮಗನ ಕಿವಿಗೆ ಬಿದ್ದದ್ದು ಎಲುಬಿನ ಸದ್ದು ಮಾತ್ರ.

ಅವತ್ತಿನಿಂದ ಮೌನೇಶ ಒಂದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡ. ಇನ್ನೊಬ್ಬರು ಹೂಡಿಟ್ಟದ್ದನ್ನು ಪೂರ್ತಿ ಕತ್ತರಿಸಬಾರದು.

ಕೆಲಸ ಶುರುವಾಯಿತು. ಮೌನೇಶ ಒಂದು ಉದ್ದನೆಯ ನೋಟ್‌ಬುಕ್ ತಂದ. ಒಂದು ಪುಟಕ್ಕೆ ಒಂದು ಮಶೀನು. ಯಾವುದರಲ್ಲಿ ಏನೇನು ಐತಿ, ಯಾವ ನಂಬರಿನದು ಐತಿ, ಎಲ್ಲ ಬರೆಸಬೇಕು. ಶಿರಿಷಾ ಬರೆದಳು, ಇವನು ಪಕ್ಕದಲ್ಲಿ ನಿಂತ. ಹುಡುಗರು ಮಶೀನು ಮುಟ್ಟಲು ಬಿಡಲಿಲ್ಲ. ಒಬ್ಬ ಮೌಸಿನ ವೈರು ಹಿಡಿದು ಮುಖಕ್ಕೆ ಬೀಸಿದ. ಇನ್ನೊಬ್ಬ ಮೇಜಿನಡಿಯಿಂದ ಮೊಣಕಾಲಿಗೆ ಒದ್ದ. ಮೌನೇಶ ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡೇ ಓಡಾಡಿದ. ತೀರಾ ತಡೆಯದಾದಾಗ ಹೊರಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ತನ್ನ ಮಣಿಕಟ್ಟನ್ನೇ ಕಚ್ಚಿಕೊಳ್ಳುತ್ತಿದ್ದ. ಮೂರನೇ ವಾರಕ್ಕೆ ಅಲ್ಲಿ ಹಲ್ಲಿನ ಗುರುತು ಕಪ್ಪಾಗಿ ಕೂತುಬಿಟ್ಟಿತ್ತು.

"ಕಾಕಾ, ನಿಮ್ಮ ಕೈ ನೀವೇ ತಿಂದ್ರ ರಾತ್ರಿ ಉಣ್ಣಾಕ ಏನ್ ಮಾಡ್ತೀರಿ?" ಎಂದಳು ಶಿರಿಷಾ.

"ಎಡಗೈ ಐತಿ."

ನೋಟ್‌ಬುಕ್ ತುಂಬಿತು. ಮೂವತ್ತು ಮಶೀನು, ಮೂವತ್ತು ಥರ. ಅದನ್ನು ನೋಡಿ ಶಿರಿಷಾ ಒಂದೇ ಪಟ್ಟಿ ಬರೆದಳು. ಮೊದಲು ಇದು ಕೂರಲಿ, ಆಮೇಲೆ ಇದು, ಇದು ಇದ್ದರೆ ಬಿಡು, ಇಲ್ಲದಿದ್ದರೆ ಹಾಕು ಎಂದು ಕಂಪ್ಯೂಟರಿಗೆ ತಿಳಿಯುವ ಮಾತಿನಲ್ಲಿ ಬರೆದ ಪಟ್ಟಿ. ಒಂದು ಮಶೀನಿನಲ್ಲಿ ಕೂತು ಅದನ್ನು ಓಡಿಸಿದರೆ ಮೂವತ್ತಕ್ಕೂ ಹೋಗಿ ತಾನೇ ಎಲ್ಲವನ್ನೂ ಹೂಡಿಕೊಂಡು ಬರಬೇಕು. ಮೌನೇಶ ಗೋಡೆಗೆ ಒಂದು ಕಾಗದ ಹಚ್ಚಿಸಿದ. ಇನ್ನು ಮೇಲೆ ಯಾರೂ ಕೈಯಿಂದ ಏನೂ ಹಾಕಬಾರದು, ಏನು ಬೇಕಿದ್ದರೂ ಪಟ್ಟಿಯಲ್ಲಿ ಸೇರಿಸಿ ಎಂದು. ಮರುದಿನ ಆ ಕಾಗದದ ಮೇಲೆ ಎಲೆ ಅಡಿಕೆಯ ಕೆಂಪು ಉಗುಳು ಇತ್ತು. ಅದಕ್ಕೂ ಮರುದಿನ ಮೌನೇಶನ ಗಾಡಿಯ ಎರಡೂ ಟೈರು ಸೀಳಿದ್ದವು. ಮೂರನೇ ದಿನ ಮಧ್ಯಾಹ್ನ ಊಟಕ್ಕೆ ಹೋಗುವಾಗ, ಹಿಂದಿನಿಂದ ಬಂದ ಬೈಕಿನವನು ಕ್ರಿಕೆಟ್ ಬ್ಯಾಟಿನಿಂದ ಬೆನ್ನಿಗೆ ಒಂದು ಬಿಟ್ಟು ಹೋದ. ಗೋದಾಮಿನ ಹೊರಗೆ ಆದದ್ದು, ಅಲ್ಲಿ ಕೈ ಎತ್ತಲು ಅಡ್ಡಿಯಿರಲಿಲ್ಲ. ಆದರೆ ಬೈಕು ಜೂರಾಲದ ರಸ್ತೆ ಹಿಡಿದು ಆಗಲೇ ದೂರ ಹೋಗಿತ್ತು.

ಶಿರಿಷಾ ಒಂದೇ ಒಂದು ವಿಷಯಕ್ಕೆ ಅವನೊಡನೆ ವಾದ ಹಾಕಿದಳು.

"ಕಾಕಾ, ಪೂರಾ ಅಳಿಸಿ ಮೊದಲಿಂದ ಹಾಕಿಬಿಡೋಣ್ರಿ. ಹಳೇದರ ಮ್ಯಾಲೆ ಹಾಕೋದು ನನಗ ಸೇರೂದಿಲ್ಲ."

"ಬ್ಯಾಡ. ಇದ್ದದ್ದು ಇರಲಿ. ಅದಕ್ಕ ಹೊಸಾದು ಕೆಚ್ಚು."

"ಒಳಗ ಏನೇನು ಕೊಳತೈತೋ ಯಾರಿಗೆ ಗೊತ್ತು?"

"ಬರಿ ಮಗ್ಗ ಮಾಡೂದಿಲ್ಲ ಅಂದ್ನಲ್ಲ, ಮುಗೀತು."

ಅವನ ಮುಖ ನೋಡಿ ಅವಳು ಮತ್ತೆ ಪಟ್ಟಿಯ ಕಡೆ ತಿರುಗಿದಳು. ಶಿರಿಷಾಳ ಏಳನೇ ನಂಬರಿನ ಹೊಸ ಮಶೀನಿನ ಮೇಲೆ ಪಟ್ಟಿಯನ್ನು ಆರು ಸಲ ಓಡಿಸಿದರು. ಆರು ಸಲವೂ ಸರಿಯಾಗಿ ಕೂತಿತು. ಅದು ಭಾನುಪ್ರಕಾಶ ಇನ್ನೂ ಏನೂ ಹಾಕಿರದ ಖಾಲಿ ಮಶೀನು, ಅದರಲ್ಲಿ ಬೇರೆಯವರ ಕೈ ಆಡಿರಲಿಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಕರುಣಾ ಮೇಡಂ ಗುರುವಾರ ಬೆಳಿಗ್ಗೆ ಹತ್ತೂವರೆಗೆ ಬಂದರು. ಹೆಚ್ಚು ಮಾತಿಲ್ಲದ ಹೆಂಗಸು. ಬಂದವರೇ ಕುರ್ಚಿ ಎಳೆದುಕೊಂಡು ನಡುವೆ ಕೂತು, ಓಡಿಸಿ ಎಂದರು. ಸಾಯಣ್ಣ ಸ್ಟೀಲಿನ ಫ್ಲಾಸ್ಕು ಹಿಡಿದು ಹಿಂದೆ ನಿಂತ. ಶಿರಿಷಾ ಏಳನೇ ನಂಬರಿನಲ್ಲಿ ಕೂತು ಪಟ್ಟಿ ಓಡಿಸಿದಳು.

ಏಳು ಮಶೀನು ಹಸಿರು ತೋರಿಸಿದವು. ಎಂಟನೆಯದು ಕೆಂಪು. ಒಂಬತ್ತು, ಹತ್ತು, ಹನ್ನೊಂದು ಕೆಂಪು. ಒಂದರಲ್ಲಿ ಎರಡು ವರ್ಷದ ಹಿಂದಿನ ಸಾಮಾನು ಹೊಸದನ್ನು ಒಳಗೆ ಬಿಡಲಿಲ್ಲ. ಇನ್ನೊಂದರಲ್ಲಿ ಹೊಸದು ಒಳಗೆ ಹೋಗಿ ಇದ್ದದ್ದನ್ನೂ ಮುರಿದು ಹಾಕಿತು. ಅರ್ಧ ಗಂಟೆಯೊಳಗೆ ಇಪ್ಪತ್ಮೂರು ಮಶೀನು ಕೈಕಾಲು ಮುರಿದುಕೊಂಡು ಬಿದ್ದವು. ಬೆಳಿಗ್ಗೆ ಓಡುತ್ತಿದ್ದವು ಕೂಡ ಈಗ ಓಡುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು. ಭಾನುಪ್ರಕಾಶ ಕುರ್ಚಿಗೆ ಒರಗಿ ಕಾಲ ಮೇಲೆ ಕಾಲು ಹಾಕಿದ.

"ಆಚಾರಿ ಮನೀ ಮುರದ ನೋಡ್ರೀ ಮಾವಾ," ಎಂದ.

ಫ್ಲಾಸ್ಕು ಹಾರಿ ಬಂತು. ಮೌನೇಶನ ಭುಜಕ್ಕೆ ಬಡಿದು, ಮುಚ್ಚಳ ಕಳಚಿ, ಸುಡುಸುಡು ಚಹಾ ಕುತ್ತಿಗೆಯ ಮೇಲಿಂದ ಇಳಿಯಿತು. ಸಾಯಣ್ಣ ಅವನ ಅಂಗಿ ಹಿಡಿದು ಅಲ್ಲಾಡಿಸಿದ. ಅವ್ವನ ಮೇಲೆ, ಅಪ್ಪನ ಮೇಲೆ ಬಯ್ದ. ಮೌನೇಶ ಕೈಯನ್ನು ಜೇಬಿನಿಂದ ತೆಗೆಯಲಿಲ್ಲ. ಜೇಬಿನೊಳಗೆ ಮುಷ್ಟಿ ಎಷ್ಟು ಬಿಗಿದಿತ್ತೆಂದರೆ ಹೊಲಿಗೆ ಬಿಟ್ಟಿತು.

ಕರುಣಾ ಮೇಡಂ ಗಡಿಯಾರ ನೋಡಿಕೊಂಡರು. "ಎರಡು ಗಂಟೆಗೆ ಹೊರಡ್ತೀನಿ. ಅಲ್ಲೀತನಕ ಟೈಮ್ ಇದೆ," ಎಂದು ಎದ್ದು ಹೊರಗೆ ಹೋಗಿ ಬೇವಿನ ಮರದಡಿ ಫೋನಿನಲ್ಲಿ ಮಾತಾಡುತ್ತ ನಿಂತರು.

ಮೌನೇಶ ಮೇಜಿನಡಿ ನೆಲದ ಮೇಲೆ ಕೂತುಬಿಟ್ಟ. ಸುಟ್ಟ ಕುತ್ತಿಗೆ ಉರಿಯುತ್ತಿತ್ತು. ಶಿರಿಷಾ ಬಗ್ಗಿ, ಕೆಂಪು ಬಂದವೆಲ್ಲ ಒಂದೇ ಥರ ಬಂದಿಲ್ಲ ಕಾಕಾ, ಒಂದೊಂದು ಹಳೇ ತಪ್ಪಿಗೆ ಒಂದೊಂದು ಥರ ಕೆಟ್ಟಾವ ಎಂದಳು. ಹಳೇ ತಪ್ಪು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಇಪ್ಪತ್ತೊಂಬತ್ತು ವರ್ಷದ ಹಿಂದಿನ ಚರಂಡಿಯ ವಾಸನೆ ಮೂಗಿಗೆ ಬಂತು. ಕಟ್ಟೆಯ ಮೇಲೆ ಕೈ ಚಾಚಿಸಿಕೊಂಡು ಅಪ್ಪ ಕೂಗುತ್ತಿದ್ದುದು ಈಗ ಕೇಳಿಸಿತು. ಹನ್ನೊಂದು ಹಾಸಿನಿಂದ ತಪ್ಪು ಎಳಿಗೆ ತಪ್ಪು ಎಳಿ ಕೆಚ್ಚಿಕೊಂತ ಬಂದೀರಲೇ, ಎಂಥಾ ಹೊಸಾ ಹಾಸು ತಂದ್ರೂ ಸೊಟ್ಟೇ ಬರತೈತಿ, ಕತ್ತರಿಸಿ ಮೊದಲಿಂದ ಏರಸ್ರಿ ಎಂದು ಕೂಗುತ್ತಿದ್ದ. ಕೊಡತಿ ಬೀಳುತ್ತಿದ್ದರೂ ಅದನ್ನೇ ಕೂಗುತ್ತಿದ್ದ. ಅಪ್ಪ ಸರಿಯಾಗಿಯೇ ಹೇಳಿದ್ದ. ಮಗ ಕಲಿತದ್ದು ಹೆದರಿಕೆಯನ್ನು.

ಎದ್ದು ನಿಂತ.

"ಪೂರಾ ಅಳಿಸು. ಪಟ್ಟಿ ಮೊದಲನೇ ಸಾಲು ಅದು ಬರಿ. ಎಲ್ಲಾ ಅಳಿಸಿ ಬರಿದು ಮಾಡಿ ಮೊದಲಿಂದ ಹಾಕು ಅಂತ."

"ಮಂದಿ ಮಾಡಿದ ಕೆಲಸ ಹೋಗತೈತಲ್ರೀ?"

"ಯಾರ್ಯಾರದು ಹೈದರಾಬಾದಿಗೆ ಕಳಿಸೈತಿ ನೋಡು."

ಅವಳು ನೋಡಿದಳು. ಮಾಡಿದ ಕೆಲಸವನ್ನು ಸಂಜೆ ಸಂಜೆ ಕಂಪನಿಗೆ ಕಳಿಸುವುದು ನಿಯಮ. ಇಪ್ಪತ್ತೊಂಬತ್ತು ಮಂದಿ ನಿನ್ನೆಯವರೆಗಿನದನ್ನು ಕಳಿಸಿದ್ದರು. ಭಾನುಪ್ರಕಾಶ ಹನ್ನೊಂದು ದಿನದಿಂದ ಕಳಿಸಿರಲಿಲ್ಲ.

ಇಪ್ಪತ್ತೊಂಬತ್ತನ್ನು ಅಳಿಸಿ ಓಡಿಸಿದರು. ಹನ್ನೆರಡೂಮುಕ್ಕಾಲಿಗೆ ಒಂದೊಂದೇ ಹಸಿರು ಬರತೊಡಗಿದವು. ಮೌನೇಶ ಭಾನುಪ್ರಕಾಶನ ಮೇಜಿಗೆ ಹೋದ.

"ನಿಂದೊಂದು ಉಳದೈತಿ. ನಿನ್ನ ಕೆಲಸ ಬ್ಯಾರೆ ಕಡೆ ತಗದಿಡೋಣ. ಇಪ್ಪತ್ತು ನಿಮಿಷ ಹಿಡಿತೈತಂತ. ಏಳು."

"ದಮ್ಮುಂಟೇ ಮುಟ್ಟು," ಎಂದ ಭಾನುಪ್ರಕಾಶ ತೆಲುಗಿನಲ್ಲಿ. ಧೈರ್ಯ ಇದ್ದರೆ ಮುಟ್ಟು ಎಂದು.

ಮೌನೇಶ ಮುಟ್ಟಿದ. ಎಡಗೈಯನ್ನು ಮೇಜಿನ ಮೇಲಿಟ್ಟು ವೈರಿನ ಕಡೆ ಬಗ್ಗಿದ ಅಷ್ಟೇ. ಭಾನುಪ್ರಕಾಶ ಎದ್ದು ಕಬ್ಬಿಣದ ಕುರ್ಚಿಯೊಂದನ್ನು ಎತ್ತಿ ಆ ಕೈಯ ಮೇಲೆ ಕುಕ್ಕಿದ. ನಡುಬೆರಳೂ ಉಂಗುರದ ಬೆರಳೂ ಒಣಗಿದ ತೊಗರಿಕಟ್ಟಿಗೆಯಂತೆ ಲಟಕ್ಕೆಂದವು. ಕುರ್ಚಿ ಮತ್ತೆ ಮೇಲೆದ್ದಿತು. ಅದು ಇಳಿಯುವ ಮೊದಲೇ ಮೌನೇಶ ತಲೆ ತಗ್ಗಿಸಿ ಅವನ ಎದೆಗೆ ನುಗ್ಗಿ, ಗೋಡೆಯವರೆಗೆ ತಳ್ಳಿಕೊಂಡು ಹೋಗಿ, ಬಲಗೈ ಮೊಣಕೈಯನ್ನು ಗಂಟಲಿಗೆ ಅಡ್ಡ ಕೊಟ್ಟು ಒತ್ತಿ ಹಿಡಿದ.

"ನಾ ಹೊಡದಿಲ್ಲ," ಎಂದ ಎಲ್ಲರಿಗೂ ಕೇಳುವಂತೆ. "ಹಿಡದೀನಿ ಅಷ್ಟೇ. ಶಿರಿಷಾ, ಕಾಪಿ ಹಾಕು."

ಇಪ್ಪತ್ತು ನಿಮಿಷ. ಗಡಿಯಾರದಲ್ಲಿ ಅದು ಬಹಳವಲ್ಲ. ಒಂದು ಕೈ ಮುರಿದುಕೊಂಡು, ಸೆಣಸುವ ಒಬ್ಬ ಗಂಡಸನ್ನು ಗೋಡೆಗೆ ಹಿಡಿದು ನಿಲ್ಲಿಸಿದವನಿಗೆ ಬಹಳ. ಭಾನುಪ್ರಕಾಶ ಮೊಣಕಾಲಿನಿಂದ ತೊಡೆಸಂದಿಗೆ ಎತ್ತಿದ. ಮೌನೇಶ ತೊಡೆ ತಿರುಗಿಸಿ ಅದನ್ನು ಎಲುಬಿನ ಮೇಲೆ ತೆಗೆದುಕೊಂಡ. ಭಾನುಪ್ರಕಾಶ ಅವನ ಮುಂಗೈ ಕಚ್ಚಿದ, ಹಲ್ಲು ಮಾಂಸಕ್ಕೆ ಇಳಿಯಿತು. ಮುಖಕ್ಕೆ ಉಗುಳಿದ. ಮುರಿದ ಬೆರಳನ್ನೇ ಹುಡುಕಿ ಹಿಡಿದು ತಿರುವಿದ. ಮೌನೇಶನ ಬಾಯಿಂದ ಬಂದ ಸದ್ದಿಗೆ ಇಬ್ಬರು ಹುಡುಗಿಯರು ಕಿವಿ ಮುಚ್ಚಿಕೊಂಡರು. ಬಿಡಿಸಲು ಬಂದವರನ್ನು ಶಿರಿಷಾ ಕುರ್ಚಿ ಅಡ್ಡ ಎಳೆದು ತಡೆದಳು. "ಎಂಬತ್ತು ಆತು ಕಾಕಾ," ಎನ್ನುತ್ತಿದ್ದಳು ಪರದೆಯಿಂದ ಕಣ್ಣು ತೆಗೆಯದೆ. "ಎಂಬತ್ತೈದು." ಸಾಯಣ್ಣ ಬಾಗಿಲಲ್ಲಿ ನಿಂತು ಅರಚುತ್ತಿದ್ದ. ಆದರೆ ಅವನೂ ಹತ್ತಿರ ಬರಲಿಲ್ಲ. ಅಳಿಯನ ಹನ್ನೊಂದು ದಿನದ ಕೆಲಸವೂ ಉಳಿಯಬೇಕು, ಮೂವತ್ತನೇ ಮಶೀನೂ ಹಸಿರಾಗಬೇಕು. ಎರಡೂ ಆ ಗೋಡೆಯ ಹತ್ತಿರವೇ ಇದ್ದವು.

"ನೂರಾತು," ಎಂದಳು ಶಿರಿಷಾ. "ಪೂರಾ ಬಂತು. ಅಳಸ್ಲೇನು?"

"ಅಳಸು."

ಅಲ್ಲಿಗೆ ಮುಗಿದಿತ್ತು. ಮೌನೇಶ ಮೊಣಕೈ ಸಡಿಲಿಸಿ ಒಂದು ಹೆಜ್ಜೆ ಹಿಂದೆ ಸರಿದ. ಹಾಗೆಯೇ ತಿರುಗಿ ಹೋಗಿಬಿಟ್ಟಿದ್ದರೆ ಅವನು ಇವತ್ತಿಗೂ ಗೋದಾಮಿನಲ್ಲೇ ಇರುತ್ತಿದ್ದ. ಭಾನುಪ್ರಕಾಶ ಗಂಟಲು ಸವರಿಕೊಳ್ಳುತ್ತ, ಮುರಿದ ಬೆರಳುಗಳನ್ನು ನೋಡಿ ನಕ್ಕ.

"ನಿಮ್ಮಪ್ಪಗ ಮೂರು ಮುರದಿದ್ರಂತ. ನಿನಗ ಎರಡೇ ಆತು. ಇನ್ನೊಂದು ಬಾಕಿ ಐತಿ."

ಮೌನೇಶ ಹೊಡೆದ. ಬಲಗೈ ಮುಷ್ಟಿ, ಒಂದು ತಿಂಗಳು ಜೇಬಿನಲ್ಲಿ ಕೂಡಿಟ್ಟದ್ದು. ಹುಬ್ಬು ಒಡೆದು ಕಣ್ಣು ನೆತ್ತರಿನಿಂದ ಮುಚ್ಚಿಹೋಯಿತು. ಭಾನುಪ್ರಕಾಶ ಕೆಳಗೆ ಬಿದ್ದ ಮೇಲೂ ಅವನ ಪಕ್ಕೆಗೆ ಎರಡು ಒದ್ದ. ಆ ಒದೆಗೆ ಯಾವ ಕಾರಣವೂ ಇರಲಿಲ್ಲ, ಅದು ಅವನಿಗೂ ಗೊತ್ತಿತ್ತು, ಆದರೂ ಒದ್ದ. ಐದಾರು ಮಂದಿ ಸೇರಿ ಎಳೆದರು.

ಎರಡು ಗಂಟೆಗೆ ಐದು ನಿಮಿಷವಿದ್ದಾಗ ಕರುಣಾ ಮೇಡಂ ಒಳಗೆ ಬಂದರು. ಮೂವತ್ತೂ ಹಸಿರು. ನೆಲದ ಮೇಲಿನ ನೆತ್ತರನ್ನು ಸುತ್ತುಬಳಸಿ ದಾಟಿ, ನಾಲ್ಕು ಮಶೀನಿನಲ್ಲಿ ಪ್ರೋಗ್ರಾಮು ಓಡಿಸಿ ನೋಡಿದರು. ಕೆಲಸ ಇಲ್ಲೇ ಇರಲಿ, ಶನಿವಾರ ಇನ್ನೂ ಹತ್ತು ಸಿಸ್ಟಮ್ ಕಳಿಸ್ತೀನಿ ಎಂದು ಸಾಯಣ್ಣನಿಗೆ ಹೇಳಿ, ಮೌನೇಶನ ಕೈ ನೋಡಿ, "ಮೊದಲು ಇವರನ್ನ ಆಸ್ಪತ್ರೆಗೆ ಕಳಿಸಿ," ಎಂದು ಕಾರು ಹತ್ತಿದರು.

ಶನಿವಾರ ಬೆಳಿಗ್ಗೆ ಸಾಯಣ್ಣ ಮೌನೇಶನನ್ನು ಕರೆಸಿದ. ಹತ್ತು ಹೊಸ ಮಶೀನು ಬಂದು ಮೇಜುಗಳ ಮೇಲೆ ಕೂತಿದ್ದವು. ಎಲ್ಲರೂ ಇದ್ದರು. ಹುಬ್ಬಿಗೆ ಆರು ಹೊಲಿಗೆ ಹಾಕಿಸಿಕೊಂಡ ಭಾನುಪ್ರಕಾಶ ಹತ್ತನೇ ಹೊಸ ಮಶೀನಿನ ಪಕ್ಕ ಕಾಲು ಚಾಚಿ ಕೂತಿದ್ದ. ಚಪ್ಪಲಿ ಬಿಟ್ಟಿದ್ದ.

"ನನ್ನ ಮಾತು ನಾ ಹೇಳಿದ್ದೆ," ಎಂದ ಸಾಯಣ್ಣ. ದನಿ ಮೆತ್ತಗಿತ್ತು. "ಆದ್ರ ಗೋದಾಮು ಉಳಿಸೀದಿ. ಅದಕ್ಕ ಒಂದು ದಾರಿ ಬಿಡ್ತೀನಿ. ಅವನ ಕಾಲು ಮುಟ್ಟಿ ತಪ್ಪಾತಪಾ ಅನ್ನು. ಸೋಮವಾರದಿಂದ ಕೆಲಸಕ್ಕ ಬಾ."

ಮೌನೇಶ ನಡೆದು ಹೋಗಿ ಭಾನುಪ್ರಕಾಶನ ಎದುರು ನಿಂತ. ಎಡಗೈ ಪಟ್ಟಿ ಕಟ್ಟಿಕೊಂಡು ಕೊರಳಿಗೆ ಜೋತುಬಿದ್ದಿತ್ತು. ಮೆಲ್ಲಗೆ ಮೊಣಕಾಲೂರಿ ಬಗ್ಗಿದ. ಸಾಯಣ್ಣ ನಿಟ್ಟುಸಿರು ಬಿಟ್ಟ. ಭಾನುಪ್ರಕಾಶ ಕಾಲನ್ನು ಇನ್ನೂ ಮುಂದೆ ಚಾಚಿದ.

ಕಾಲಿನ ಪಕ್ಕದಲ್ಲಿ ಹತ್ತನೇ ಮಶೀನಿನ ವೈರು ಬಿಚ್ಚಿ ಬಿದ್ದಿತ್ತು. ಮೌನೇಶ ಬಲಗೈಯಿಂದ ಅದನ್ನು ಎತ್ತಿ, ಗೋಡೆಯ ತೂತಿಗೆ ಒತ್ತಿ ಸಿಕ್ಕಿಸಿ, ಸ್ವಿಚ್ಚು ಹಾಕಿದ. ಮೇಲೆ ಪರದೆ ಬೆಳಗಿತು.

"ಪಟ್ಟಿ ಓಡಸು," ಎಂದ ಶಿರಿಷಾಳಿಗೆ. ಎದ್ದು ಅಂಗೈ ಒರೆಸಿಕೊಂಡು ಬಾಗಿಲ ಕಡೆ ನಡೆದ.

"ಆಚಾರೀ," ಎಂದು ಕೂಗಿದ ಸಾಯಣ್ಣ. "ಇದಾದ ಮ್ಯಾಲೆ ನಿನ್ನ ಕರಿಯೋರು ಯಾರೂ ಇಲ್ಲ. ಆ ಹತ್ತೂ ತಾವೇ ತಯಾರ ಆಗ್ತಾವ."

"ಆಗ್ತಾವ್ರೀ ಸೇಠ. ಅದಕ್ಕೇ ಮಾಡಿದ್ದು."

ಅವನು ಬೇವಿನ ಮರದಡಿ ತಾಸು ಹೊತ್ತು ಕೂತಿದ್ದು, ಕೊನೆಗೆ ಎದ್ದು ಬೀಡಿ ಹಚ್ಚಲು ಒಂದೇ ಕೈಯಲ್ಲಿ ಕಡ್ಡಿ ಗೀರುತ್ತಿದ್ದಾಗ ಶಿರಿಷಾ ಹೊರಗೆ ಓಡಿ ಬಂದಳು. ಹತ್ತೂ ಬಂದುವು ಕಾಕಾ, ಯಾರೂ ಕೈ ಹಚ್ಚಿಲ್ಲ ಎಂದಳು. ಅವಳೇ ಬೀಡಿಗೆ ಬೆಂಕಿ ಹಿಡಿದಳು. ಇನ್ನೇನೋ ಹೇಳುವವಳಿದ್ದಳು, ಒಳಗಿಂದ ಯಾರೋ ಕರೆದರು, ಹೋದಳು.

ನಾರಾಯಣಪೇಟೆಯ ಬಸ್ಸು ಹಿಡಿದು ಮನೆಗೆ ಬರುವ ಹೊತ್ತಿಗೆ ಊಟದ ವೇಳೆ ದಾಟಿತ್ತು. ಈರಣ್ಣಾಚಾರಿ ಹೊರಕಟ್ಟೆಯ ಮೇಲೆ ಎಡಗೈಯಿಂದ ಬಾಗಿಲ ಅಗುಳಿಯೊಂದನ್ನು ಉಜ್ಜುತ್ತ ಕೂತಿದ್ದ. ಸೆಟೆದ ಮೂರು ಬೆರಳಿನ ಬಲಗೈ ಅಗುಳಿಯನ್ನು ತೊಡೆಗೆ ಒತ್ತಿ ಹಿಡಿದಿತ್ತು. ಮಗನ ಪಟ್ಟಿ ನೋಡಿದ.

"ಕೆಲಸ?"

"ಹೋತು."

"ಎಷ್ಟು ಮಗ್ಗ ಕೂಡಿಸಿದಿ?"

"ನಲವತ್ತು."

ಆಚಾರಿ ಉಜ್ಜುವುದನ್ನು ನಿಲ್ಲಿಸಿದ.

"ಕೆಚ್ಚಿದ್ಯಾ, ಕತ್ತರಿಸಿದ್ಯಾ?"

"ಮೊದಲು ಕೆಚ್ಚಿದೆ. ಕೆಡ್ತು. ಆಮ್ಯಾಲೆ ಕತ್ತರಿಸಿದೆ."

"ಸೊಟ್ಟ ಬಂತೇನು?"

"ಇಲ್ಲಪಾ. ನಲವತ್ತೂ ನೆಟ್ಟಗ ಬಂದ್ವು."

ಮುದುಕ ಕಟ್ಟೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ.

"ಅಗುಳಿ ಹಿಡಿ," ಎಂದ. "ಬಲಗೈಲೆ ಹಿಡಿ. ಒಬ್ಬನ ಕೈಲೆ ಆಗವಲ್ದು."